ಎದುರು ಪದ ಹಾಡದೆ ಎದ್ದು ಹೋದ ಬೀಗಿತಿ

ಮೊನ್ನೆ ಮೊಮ್ಮಗಳು ಕಾಲೇಜಿನಿಂದ ಬಂದವಳೇ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. "ಅಜ್ಜಿ, ಮೂಸಿ ನೋಡು." ಒಳಗಿದ್ದದ್ದು ಅಜ್ಜಂಪುರದ ಕಡೆಯ ಎರೆಮಣ್ಣು. ಕೃಷಿ ಕಾಲೇಜಿಗೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಮಣ್ಣು ಪರೀಕ್ಷೆ ಮಾಡುತ್ತಾಳಂತೆ ನಮ್ಮ ಹುಡುಗಿ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವಳ ಮೊಮ್ಮಗಳು! ಅವಳಿಗೆ ಸೀಟು ಸಿಕ್ಕಿದ ದಿನ ನಮ್ಮೂರು ಶಿವನಿಯ ಬೀದಿಯಲ್ಲಿ ನಾನು ಸಕ್ಕರೆ ಹಂಚದ ಮನೆಯಿಲ್ಲ. ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಗುರುತಿಲ್ಲದವರ ಕೈಗೂ ಒಂದೊಂದು ಚಿಟಿಕೆ ಹಾಕಿ ಬಂದಿದ್ದೆ. ಆದರೆ ಆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ, ಅಷ್ಟೆಲ್ಲ ಸಂತೋಷದ ನಡುವೆಯೂ ಹಳೆಯದೊಂದು ನೆನಪಾಯಿತು... ಪಕ್ಕದ ಮನೆಯ ಮೇಷ್ಟ್ರು ಹೀಗೇ ಮಣ್ಣಿನ ಪೊಟ್ಟಣಗಳನ್ನು ಜಗಲಿಯ ಮೇಲೆ ಸಾಲಾಗಿ ಇಡುತ್ತಿದ್ದರು.

ಮೇಷ್ಟ್ರು ಅಂದರೆ ಶಾಲೆಯವರಲ್ಲ. ದೊಡ್ಡ ಕಾಲೇಜಿನಲ್ಲಿ ಮಣ್ಣಿನ ವಿಜ್ಞಾನಿ. ಅವರು ಸಣ್ಣವರಿದ್ದಾಗಲೇ ತಂದೆ ತೀರಿಕೊಂಡಿದ್ದರು. ತಾಯಿಯನ್ನು ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಊರವರ ರವಿಕೆ ಹೊಲಿದು ಮಗನನ್ನು ಓದಿಸಿದ ಹೆಂಗಸು. "ನನ್ ಮಗ ಡಾಕ್ಟ್ರು ಕಣೇ," ಎನ್ನುತ್ತಿದ್ದರು. "ನಿಮ್ಗೆ ಜ್ವರ ಬಂದ್ರೆ ಅವ್ನತ್ರ ಹೋಗ್ಬೇಡಿ, ಹೊಲಕ್ಕೆ ಜ್ವರ ಬಂದ್ರೆ ಹೋಗಿ."

ಒಮ್ಮೆ ಹಿರೇನಲ್ಲೂರಿನ ರೈತರ ಸಭೆಯಲ್ಲಿ ಮೇಷ್ಟ್ರು ಒಂದು ಗಂಟೆ ಮಾತಾಡಿದರಂತೆ. ಅರ್ಧ ಜನ ತೂಕಡಿಸಿದರು, ಉಳಿದವರು ಊಟ ಎಷ್ಟೊತ್ತಿಗೆ ಎಂದು ಕೇಳಿದರು. ಅದೇ ವಾರ ಕಡೂರಿನ ಛತ್ರದಲ್ಲಿ ನನ್ನ ಮಗಳ ಮದುವೆ. ನಮ್ಮಲ್ಲಿ ಬೀಗರು ಊಟಕ್ಕೆ ಕೂತಾಗ ಹೆಂಗಸರು ಅವರನ್ನು ಹಾಸ್ಯ ಮಾಡಿ ಪದ ಹಾಡುವುದು ರೂಢಿ. ಹಾಡಿಸಿಕೊಂಡ ಬೀಗಿತಿ ಒಂದು ಸಾಲಾದರೂ ಎದುರು ಪದ ಹೇಳಬೇಕು. ಹೇಳದೆ ಎದ್ದು ಹೋದರೆ ಮನಸ್ಸು ಮುರಿಯಿತೆಂದೇ ಅರ್ಥ. ಈ ಪದಗಳಿಗೆ ಸುತ್ತಿನ ಊರುಗಳಲ್ಲೆಲ್ಲ ನನ್ನನ್ನೇ ಕರೆಯುತ್ತಿದ್ದರು, ಇನ್ನು ಮಗಳ ಮದುವೆಯಲ್ಲಿ ಬಿಟ್ಟೇನೆಯೇ? ಹೊಸ ಬೀಗರ ಹೊಟ್ಟೆಯ ಮೇಲೆ ಹಾಡಿದೆ. ಇಡೀ ಪಂಕ್ತಿ ತುತ್ತು ಬಿಟ್ಟು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ, ಜನರ ಮುಖ ನೋಡುತ್ತ ನಿಂತಿದ್ದರು.

ವಾರ ಕಳೆದು ನಮ್ಮ ಜಗಲಿಗೆ ಬಂದರು. "ಅಕ್ಕ, ಅವತ್ತು ಒಬ್ರೂ ಒಂದ್ ಮಾತೂ ಬಿಡ್ದಂಗೆ ಕೇಳ್ಸ್ಕೊಂಡ್ರಲ್ಲ. ನಂಗೂ ಆ ಮಟ್ಟು ಕಲ್ಸು."

ಕಲಿಸಿದೆ. ಹೆಮ್ಮೆಯಿಂದಲೇ ಕಲಿಸಿದೆ. ಅಷ್ಟು ಓದಿದವರಿಗೆ ನಾನು ಪಾಠ ಹೇಳುವುದೆಂದರೆ! ಅವರು ಹೊಲವನ್ನೇ ಬೀಗಿತಿ, ರೈತರನ್ನು ಬೀಗರು ಮಾಡಿ ಕಟ್ಟಿದರು: "ಮೂಟೆ ಮೂಟೆ ಯೂರಿಯಾ ಹೊತ್ತು ತಂದ್ರು ಬೀಗರು, ಒಂದು ಬುಟ್ಟಿ ಗೊಬ್ಬರ ಕೇಳಿದ್ರೆ ಗೊರಕೆ ಹೊಡೆದ್ರು!" ರೈತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊರೂರಿಂದ ಕರೆ ಬಂತು. ಹಾರ್ಮೋನಿಯಂ ಬಂತು. ಬರಬರುತ್ತಾ ಮಣ್ಣಿನ ಪದ ಹಿಂದೆ ಸರಿದು ಸೊಸೆಯ ಪದ, ಮಂತ್ರಿಯ ಪದ ಮುಂದೆ ಬಂದವು. ಒಂದು ದಿನ ಕಾಲೇಜಿನ ಕೆಲಸವನ್ನೇ ಬಿಟ್ಟು ಬಂದರು.

ದೊಡ್ಡಮ್ಮ ನೇರ ನಮ್ಮ ಬಾಗಿಲಿಗೆ ಬಂದು ನಿಂತರು. "ನನ್ ಮಗನ್ನ ಕೆಡ್ಸಿದೋಳು ನೀನೇ ಕಣೇ. ವಿಜ್ಞಾನಿ ತಾಯಿ ಅಂತಿದ್ರು ಜನ. ನಾಳೆಯಿಂದ ಕೋಡಂಗಿ ತಾಯಿ ಅಂತಾರೆ."

ಅಂದಿನಿಂದ ಮಗನ ಜೊತೆ ಮಾತು ನಿಲ್ಲಿಸಿದರು. ತಟ್ಟೆ ಇಡುವರು, ನೀರು ಇಡುವರು, ಮಾತಿಲ್ಲ. ಮೂರು ವರ್ಷ ಹೀಗೇ ಕಳೆಯಿತು. ಊರನ್ನೆಲ್ಲ ನಗಿಸಿ ಬರುತ್ತಿದ್ದ ಮನುಷ್ಯ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳುತ್ತ ಸುಮ್ಮನೆ ಕೂತಿರುತ್ತಿದ್ದರು...

ಆಮೇಲೆ ತರೀಕೆರೆಯಲ್ಲಿ ದೊಡ್ಡಮ್ಮನ ತಮ್ಮನ ಮಗನ ಮದುವೆ. ಹೆಣ್ಣಿನ ಕಡೆಯವರು ಪದ ಹಾಡಲು ಮೇಷ್ಟ್ರನ್ನೂ ನನ್ನನ್ನೂ ಕರೆಸಿದ್ದರು. ಬೀಗರ ಪಂಕ್ತಿಯಲ್ಲಿ ದೊಡ್ಡಮ್ಮ ಕೂತಿದ್ದರು. ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಅಕ್ಕ, ಅವ್ವನ ಮೇಲೆ ಒಂದ್ ಪದ ಹಾಡ್ಲಾ? ಎದುರು ಪದ ಹೇಳ್ಲೇಬೇಕಲ್ಲ. ಹಂಗಾದ್ರೂ ಬಾಯಿ ಬಿಡ್ತಾಳೆ."

"ಹಾಡಿ ಮೇಷ್ಟ್ರೇ, ಅದೆಂಗೆ ಹೇಳಲ್ವೋ ನೋಡಾಣ," ಎಂದೆ.

ಹಾಡಿದರು. "ಊರೋರ ರವಿಕೆ ಹೊಲ್ದು ಹೊಲ್ದು ನಮ್ಮ ಬೀಗಿತಿ, ಮಿಕ್ಕಿದ್ ದಾರದಲ್ಲಿ ಬಾಯಿ ಹೊಲ್ಕೊಂಡ್ಳು!" ಪಂಕ್ತಿ ಗೊಳ್ಳೆಂದಿತು. ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಎಲೆ ಬಿಟ್ಟು ಎದ್ದು ಹೋದರು.

ಆಗ ನನಗೆ ಎಚ್ಚರವಾಯಿತು. ಗಂಡನಿಲ್ಲದ ಹೆಂಗಸಿನ ಮೇಲೆ ನಾವು ಬೀಗರ ಪದ ಹಾಡುವುದಿಲ್ಲ. ಅವಳ ಎಲೆ ಬಂದರೆ ದಾಟಿ ಪಕ್ಕದವಳ ಮೇಲೆ ಹಾಡುತ್ತೇವೆ. ಓದಿನಲ್ಲೇ ಬೆಳೆದ ಮೇಷ್ಟ್ರಿಗೆ ಅದು ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ಎಷ್ಟೋ ಮದುವೆಗಳಲ್ಲಿ ಇದೇ ದೊಡ್ಡಮ್ಮನ ಎಲೆ ದಾಟಿ ಹಾಡಿದವಳು ನಾನು. ತಾಯಿ ಮಗ ಮಾತಾಡಲಿ ಎಂಬ ಆಸೆಯಲ್ಲಿ ಮರೆತುಬಿಟ್ಟಿದ್ದೆ... ಮೇಷ್ಟ್ರ ಕೈ ಹಾರ್ಮೋನಿಯಂ ಮೇಲೆ ಹಾಗೇ ನಿಂತಿತ್ತು. "ಇನ್ ಮುಗೀತು ಬಿಡಕ್ಕ," ಎಂದರು.

ಅವರು ಮತ್ತೆ ಆ ಸುದ್ದಿ ಎತ್ತಲಿಲ್ಲ. ಮಾರನೇ ವರ್ಷ ಅಜ್ಜಂಪುರದಲ್ಲಿ ಕಾರ್ಯಕ್ರಮ ಮುಗಿಸಿ ಬಸ್ಸು ಹತ್ತುವಾಗ ಎದೆ ಹಿಡಿದುಕೊಂಡು ಕುಸಿದರಂತೆ. ಮನೆಗೆ ಜೀವಂತ ಬರಲಿಲ್ಲ...

ತಿಂಗಳು ಕಳೆದು ಒಂದು ಮಧ್ಯಾಹ್ನ ದೊಡ್ಡಮ್ಮ ನಮ್ಮ ಮನೆಗೆ ಬಂದರು. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

"ಅವತ್ತಿನ ಪದ ಹೇಳೇ."

"ಬ್ಯಾಡ ದೊಡ್ಡಮ್ಮ. ತಪ್ಪು ನಂದು."

"ಎಂಥ ತಪ್ಪು? ನಗು ಬಂದ್ಬಿಡ್ತು ಕಣೇ ನಂಗೆ. ಗಂಡ ಹೋದ್ಮೇಲೆ ಯಾವಳಾದ್ರೂ ನನ್ ಎಲೆ ಮುಂದೆ ನಿಂತು ಹಾಡಿದ್ಲಾ? ನೀನ್ ಹಾಡ್ದ್ಯಾ? ನನ್ನೂ ಒಬ್ಳು ಬೀಗಿತಿ ಅಂದೋನು ಅವ್ನೊಬ್ನೇ. ಅಷ್ಟು ಜನದ್ ಮುಂದೆ ನಕ್ಕುಬಿಟ್ರೆ ಏನಂತಾರೋ ಅಂತ ಎದ್ಬಂದೆ. ಮನೇಲಿ ಹೇಳಾಣ ಅಂದ್ರೆ... ಮೊದ್ಲು ಅವ್ನೇ ಮಾತಾಡ್ಸ್ಲಿ ಅಂತ ಕುಂತೆ. ಎದುರು ಪದಾನೂ ಅವತ್ತೇ ಬಸ್ಸಲ್ಲಿ ಕಟ್ಕೊಂಡಿದ್ದೆ."

ನಾನು ಹಾಡಿದೆ. ಮುಗಿದ ಮೇಲೆ ದೊಡ್ಡಮ್ಮ ಗೋಡೆಯ ಕಡೆ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದರು: "ದಾರ ಇನ್ನೂ ಮುಗ್ದಿಲ್ಲ ಬಾರೋ ಬೀಗ, ನಿನ್ ಹಾರ್ಮೋನಿಗೂ ಎರಡ್ ಹೊಲಿಗೆ ಹಾಕ್ತೀನಿ!"

ಇಬ್ಬರೂ ನಕ್ಕೆವು. ಆಮೇಲೆ ನಗುವುದಕ್ಕಾಗಲಿಲ್ಲ.

ದೊಡ್ಡಮ್ಮನೂ ಹೋಗಿ ವರ್ಷಗಳಾದವು. ಈಗಲೂ ಮದುವೆಗೆ ಕರೆದರೆ ಹಾಡುತ್ತೇನೆ. ಯಾರ ಎಲೆಯನ್ನೂ ದಾಟುವುದಿಲ್ಲ. ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಮಣ್ಣಿನ ಪೊಟ್ಟಣ ಕಟ್ಟುತ್ತ, "ಆ ಎದುರು ಪದ ಚೆನ್ನಾಗಿದೆ ಅಜ್ಜಿ," ಎಂದಳು.

ಚೆನ್ನಾಗಿಯೇ ಇದೆ. ಮೇಷ್ಟ್ರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ದೊಡ್ಡಮ್ಮನ ಬಾಯಿಂದ ಅದನ್ನು ಕೇಳಿದ್ದು ಮಾತ್ರ ನಾನೊಬ್ಬಳೇ.