ಗೋಡೆ ತೂತಿನ ನೀಲಿ ಕೇಬಲ್

ಆಗ ಮುಂಬಯಿಯಲ್ಲಿ ನಮ್ಮಂಥವರ ಮನೆಗೂ ಕಂಪ್ಯೂಟರ್ ಬಂದಿತ್ತು. ಇಂಟರ್ನೆಟ್ ಮಾತ್ರ ಇನ್ನೂ ಟೆಲಿಫೋನ್ ತಂತಿಯಲ್ಲಿ ಕಿರುಚುತ್ತಾ ಬರುತ್ತಿದ್ದ ಕಾಲ, ಬಿಲ್ಲಿಗೆ ಹೆದರಿ ಯಾರೂ ಮುಟ್ಟುತ್ತಿರಲಿಲ್ಲ. ಬೇಸಿಗೆ ರಜೆ ಎಂದರೆ ನಿಮಗೆ ಉಪ್ಪು-ಖಾರ ಹಚ್ಚಿದ ಮಾವಿನಕಾಯಿ ನೆನಪಾಗಬಹುದು. ನನಗೆ ಆಗ ತಾನೇ ಕತ್ತರಿಸಿದ ಪ್ಲಾಸ್ಟಿಕ್ಕಿನ ವಾಸನೆ ನೆನಪಾಗುತ್ತದೆ, ಅದರ ಜೊತೆಗೆ ಕಾಕಾನ ಬೆವರಿನದು.

ಘಾಟ್ಕೋಪರ್‌ನ ಬಿಲ್ಡಿಂಗಿನಲ್ಲಿ ಅಕ್ಕಪಕ್ಕದ ಎರಡು ಮನೆ ನಮ್ಮವು. ಒಂದರಲ್ಲಿ ಅಪ್ಪ, ಅವ್ವ, ನಾನು. ಇನ್ನೊಂದರಲ್ಲಿ ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಅವನ ಹೆಂಡತಿ ಕಾಕು, ಮಗ ಗಿರೀಶ. ಗಿರೀಶನಿಗೂ ನನಗೂ ಒಂದೇ ವಯಸ್ಸು. ಕಾಕಾ ಚೆಂಬೂರಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಕೆಲಸಕ್ಕಿದ್ದ. ತಂತಿಯ ಮೇಲೆ ಅವನ ಕೈ ಎಷ್ಟು ಹಗುರವೋ ಮನೆಯವರ ಮೇಲೆ ಅಷ್ಟೇ ಭಾರ.

ಎರಡು ಕಂಪ್ಯೂಟರ್ ಜೋಡಿಸಿದರೆ ನಾನು ನಮ್ಮ ಮನೆಯಿಂದಲೂ ಅವನು ಅವರ ಮನೆಯಿಂದಲೂ ಗುಂಡು ಹಾರಿಸುವ ಆಟ ಆಡಬಹುದು ಎಂದು ಗಿರೀಶ ಕೇಳಿಕೊಂಡು ಬಂದ. ಕಾಕಾನಿಗೂ ಹುರುಪು ಬಂತು. ಗೋಡೆಗೆ ಡ್ರಿಲ್ ಹಾಕಿ ತೂತು ಕೊರೆದ, ಅಂಗಡಿಯಿಂದ ನೀಲಿ ಕೇಬಲ್ ತಂದು ತೂರಿಸಿದ. ಎರಡೂ ಕಡೆ ಸಿಕ್ಕಿಸಿದರೆ ಪರದೆಯ ಮೂಲೆಯಲ್ಲಿ ಕೆಂಪು ಗುಣಿಸು ಚಿಹ್ನೆ. ಕಂಪ್ಯೂಟರಿಗೆ ಕೊಟ್ಟ ನಂಬರ್ ಬದಲಿಸಿ ನೋಡಿದ, ಕೇಬಲ್ ಸಿಕ್ಕಿಸುವ ಕಾರ್ಡ್ ಬಿಚ್ಚಿ ಹಾಕಿ ನೋಡಿದ. ಪ್ಲಗ್ಗಿನ ಪಕ್ಕದ ಪುಟ್ಟ ದೀಪ ಹತ್ತಲಿಲ್ಲ.

“ನೀನ ಏನರೆ ಒತ್ತಿ ಕೆಡಿಸೀಯಲೇ!”

“ಇಲ್ಲಪಾ, ನಾ ಮುಟ್ಟೇ ಇಲ್ಲ,” ಎಂದು ಗಿರೀಶ ಅನ್ನುವಷ್ಟರಲ್ಲಿ ಕಾಕಾ ಬೆಲ್ಟ್ ಬಿಚ್ಚಿಯಾಗಿತ್ತು. ಬಿಡಿಸಲು ಬಂದ ಕಾಕುಗೂ ಬಿತ್ತು. ಗೋಡೆಯ ಈ ಕಡೆ ನಮ್ಮ ಮನೆಯಲ್ಲಿ ಅಪ್ಪ ಟಿವಿಯ ದನಿ ಏರಿಸಿದ.

ನಮ್ಮಲ್ಲಿ ಗಂಡನ ಅಣ್ಣನ ಎದುರು ಸೊಸೆಯಾದವಳು ತಲೆಯ ಮೇಲೆ ಸೆರಗಿಲ್ಲದೆ ಬರುವಂತಿಲ್ಲ. “ಆಕಿ ಹ್ಯಾಂಗ ಇರ್ತಾಳೋ ಏನೋ, ನಾ ಒಳಗ ಹೋದ್ರ ಆಕಿಗೇ ನಾಚಿಕಿ,” ಎಂದು ಅಪ್ಪ ಪ್ರತಿಸಲ ಹೇಳುತ್ತಿದ್ದ. ಎಂಥ ಮರ್ಯಾದೆ ನೋಡಿ! ಬಿದ್ದವಳನ್ನು ನೋಡಬಾರದಂತೆ, ಬಡಿಯುವುದನ್ನು ಕೇಳಬಹುದಂತೆ.

ಮರುದಿನ ಅಂಗಡಿಯವನು ಹೇಳಿದ: ಇದು ನಡುವೆ ಡಬ್ಬಿ ಇಟ್ಟು ಜೋಡಿಸುವ ಕೇಬಲ್, ನೇರವಾಗಿ ಎರಡು ಕಂಪ್ಯೂಟರ್ ಕೂಡಿಸಬೇಕಾದರೆ ಒಂದು ತುದಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಬೇಕು. ತಪ್ಪು ಕೇಬಲ್ಲಿನದು, ಬಾಸುಂಡೆ ಗಿರೀಶನ ಬೆನ್ನ ಮೇಲೆ. ಕಾಕಾ ಕ್ಷಮೆ ಕೇಳುವ ಪೈಕಿ ಅಲ್ಲ, ವಡಾಪಾವ್ ಕಟ್ಟಿಸಿಕೊಂಡು ಬಂದ. ಆಮೇಲೆ ನೆಲದ ಮೇಲೆ ಕೂತು ಒಂದು ತುದಿ ಕತ್ತರಿಸಿ, ಒಳಗಿನ ಕಿತ್ತಳೆ ಬಣ್ಣದ ತಂತಿ ಜೋಡಿಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕಿತ್ತಳೆ ಎಂದು ನಮಗೆ ಹೇಳಿಕೊಡುತ್ತಾ ಹೊಸ ಪ್ಲಗ್ ಒತ್ತಿದ. ದೀಪ ಹತ್ತಿತು. ಗಿರೀಶ ಚಟ್ನಿ ಮೆತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟಿದ. ಆ ಹೊತ್ತಿನ ಕಾಕಾನನ್ನು ನಾನು ಪ್ರೀತಿಸುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಒಂದು ಸಂಜೆ ಆಟದ ನಡುವೆ ಗಿರೀಶನ ಸೈನಿಕ ಕದಲದೆ ನಿಂತ, ಮೂಲೆಯಲ್ಲಿ ಕೆಂಪು ಗುಣಿಸು. ನಾನು ಓಡಿಹೋಗಿ ಅವರ ಬಾಗಿಲು ನೂಕಿ, “ಕಾಕಾ, ಕೇಬಲ್ ಹೋತು!” ಎಂದು ಕೂಗಿದೆ. ಕಾಕಾ ಎತ್ತಿದ ಬೆಲ್ಟ್ ಹಿಡಿದು ನಿಂತಿದ್ದ. ಕಾಕು ಮಂಚಕ್ಕೂ ಗೋಡೆಗೂ ನಡುವೆ ಮುದುಡಿದ್ದಳು. ಕಾಕಾ ನನ್ನನ್ನು ನೋಡಿದ, ಉಸಿರು ಬಿಟ್ಟ.

“ಯಾವ ತುದಿ ಹೋತು? ತಡಿ, ನೋಡ್ತೀನಿ.”

ಬೆಲ್ಟ್ ಕೆಳಗೆ ಬಿತ್ತು, ತಂತಿ ಕತ್ತರಿಸುವ ಪಕ್ಕಡ್ ಕೈಗೆ ಬಂತು. ಕೇಬಲ್ ಸರಿಹೋಗುವಷ್ಟರಲ್ಲಿ ಅವನ ಸಿಟ್ಟೂ ಇಳಿದಿತ್ತು, ಕಾಕು ಚಹಾಕ್ಕೆ ಇಟ್ಟಿದ್ದಳು.

ಗಿರೀಶ ನನ್ನನ್ನು ಮೆಟ್ಟಿಲ ಹತ್ತಿರ ಕರೆದ. “ಕೇಳಿಲ್ಲೆ, ಇನ್ಮ್ಯಾಲೆ ಅಪ್ಪ ಹೊಡಿಯಾಕ ಶುರು ಮಾಡಿದ ಕೂಡ್ಲೆ ನಾ ಕೇಬಲ್ ಹಾಳ ಮಾಡ್ತೀನಿ. ನೀ ಬಾ. ಬರ್ತೀಯಲ್ಲ?”

“ಬರ್ತೀನಿ.”

ಆಟ ಅಲ್ಲಿಗೆ ಮುಗಿಯಿತು. ದಿನಾ ಸಂಜೆ ನಾನು ಪರದೆಯ ಮೂಲೆ ಕಾಯುತ್ತಾ ಕೂರುತ್ತಿದ್ದೆ. ಸುಮ್ಮನೆ ಕಿತ್ತರೆ ಕಾಕಾ ಮತ್ತೆ ಸಿಕ್ಕಿಸಿ ಬೆಲ್ಟಿಗೆ ಮರಳುತ್ತಿದ್ದ, ಹಾಗಾಗಿ ಗಿರೀಶ ಪ್ಲಗ್ಗಿನ ಹತ್ತಿರ ತಂತಿ ಕಚ್ಚಿ ತುಂಡರಿಸುತ್ತಿದ್ದ. ಪ್ರತಿ ರಿಪೇರಿಗೂ ಕೆಟ್ಟ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಬೇಕು, ಕೇಬಲ್ ಅಷ್ಟಷ್ಟೇ ಮೋಟಾಗುತ್ತಿತ್ತು. ಗಿರೀಶನ ಟೇಬಲ್ ಗೋಡೆಯ ಕಡೆಗೆ ಜರುಗುತ್ತಾ ಬಂತು. ಅದು ಪೂರ್ತಿ ಗೋಡೆಗೆ ತಾಗಿದರೆ ಮುಂದೇನು ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಅಷ್ಟು ದೂರ ಹೋಗಲಿಲ್ಲ. ಒಂದು ಭಾನುವಾರ ಕಾಕಾ ಕತ್ತರಿಸಿದ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನಾನು ಅಲ್ಲೇ ಇದ್ದೆ.

“ಇಲಿ ಕಚ್ಚಿದ್ದಲ್ಲ ಇದು,” ಎಂದ. ಗಿರೀಶನ ಗಲ್ಲ ಹಿಡಿದು ಬಾಯಿ ತೆರೆಸಿ ಹಲ್ಲು ನೋಡಿದ. “ನನ್ನನ್ನ ಆಟಾ ಆಡಸ್ತೀಯೇನಲೇ?”

ಕೇಬಲ್ಲನ್ನು ಗೋಡೆಯಿಂದ ಜಗ್ಗಿ ಎಳೆದುಕೊಂಡು ಮಡಚಿ ಹಿಡಿದ. ಬೆಲ್ಟಿನ ಪೆಟ್ಟು ಊದಿಕೊಳ್ಳುತ್ತದೆ, ಕೇಬಲ್ಲಿನದು ಚರ್ಮ ಹರಿಯುತ್ತದೆ. ನಡುವೆ ಹೋದ ನನಗೆ ಮಣಿಕಟ್ಟಿನ ಮೇಲೆ ಬಿತ್ತು. ಗಿರೀಶನ ಮೇಲೆ ಅಡ್ಡ ಬಿದ್ದ ಕಾಕುವಿನ ಬೆನ್ನಿಗೆ ಎಷ್ಟು ಬಿತ್ತೋ, ಕುಪ್ಪಸ ಹರಿದು ರಕ್ತ ಬಂತು.

ಕಾಕು ಎದ್ದಳು. ಸೆರಗು ನೆಲದ ಮೇಲೆ, ಕೂದಲು ಬಿಚ್ಚಿಹೋಗಿತ್ತು. ಗಿರೀಶನನ್ನೂ ನನ್ನನ್ನೂ ಕೈಹಿಡಿದು ಎಳೆದುಕೊಂಡು ನಮ್ಮ ಮನೆಗೆ ಬಂದು, ಜೋರಾಗಿ ಒದರುತ್ತಿದ್ದ ಟಿವಿಗೆ ಅಡ್ಡ ನಿಂತಳು. ಅಪ್ಪ ತಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿದ.

“ಗ್ವಾಡಿ ಯಾಕ ನೋಡ್ತೀರಿ ಭಾವಾರ? ನನ್ನ ನೋಡ್ರಿ.”

ಅವ್ವ ಟಿವಿ ಆರಿಸಿದಳು. ಅಪ್ಪ ನೋಡಿದ. ನೋಡಿದ ಮೇಲೆ ಚಪ್ಪಲಿ ಕೈಗೆತ್ತಿಕೊಂಡು ಹೊರಗೆ ಹೋದ, ಇಡೀ ಬಿಲ್ಡಿಂಗ್ ನೋಡುವಂತೆ ತಮ್ಮನನ್ನು ಪ್ಯಾಸೇಜಿನಲ್ಲಿ ಕೆಡವಿ ಹೊಡೆದ. ಕಾಕಾ ಕೈ ಎತ್ತಲಿಲ್ಲ. ಅಪ್ಪನಿಗೂ ಹೊಡೆಯಲು ಬರುತ್ತಿತ್ತು. ಅಷ್ಟು ದಿನ ಆ ಕೈ ರಿಮೋಟ್ ಹಿಡಿದು ಕೂತಿತ್ತಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು.

ಮರುದಿನ ಅಪ್ಪನೇ ಕಾಕುವನ್ನೂ ಗಿರೀಶನನ್ನೂ ವಿಜಯಪುರಕ್ಕೆ, ಅವಳ ತವರಿಗೆ ಕರೆದುಕೊಂಡು ಹೋದ. ಅವರು ಮತ್ತೆ ಬರಲಿಲ್ಲ. ಬರದಿದ್ದದ್ದು ಒಳ್ಳೆಯದೇ ಆಯಿತು. ಆದರೆ ಗಿರೀಶ ನನ್ನ ಪಾಲಿಗೆ ಅಲ್ಲಿಗೇ ಮುಗಿದ. ನಾನು ಬರೆದ ಪತ್ರಗಳಿಗೆ ಉತ್ತರವಿರಲಿಲ್ಲ. ಆ ಮನೆಯ ಯಾವುದೂ ಅವನಿಗೆ ಬೇಡವಾಗಿತ್ತು, ಅದರಲ್ಲಿ ನಾನೂ ಸೇರಿದ್ದೆ.

ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ. ಈಗ ಅವನೂ ಅಪ್ಪ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನೆದುರಿನ ಸಾಲಿನಲ್ಲಿ ಉಣ್ಣುತ್ತಿದ್ದ. “ಆರಾಮ ಏನ್ರಿ?” ಎಂದು ಬಹುವಚನದಲ್ಲಿ ಮಾತಾಡಿಸಿದ. ನಾನೂ “ಹೂನ್ರಿ” ಎಂದೆ. ನಮ್ಮಿಬ್ಬರ ನಡುವೆ ಕಳೆದುಹೋದದ್ದು ಎಷ್ಟೆಂದು ಆ ಎರಡು ‘ರಿ’ಗಳಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಅಡುಗೆಮನೆಯ ಕಡೆ ಯಾರೋ ದೊಡ್ಡ ಪಾತ್ರೆ ಬೀಳಿಸಿದರು. ಜನ ತಿರುಗಿ ನೋಡಿ ಮತ್ತೆ ಊಟಕ್ಕೆ ಬಾಗಿದರು. ಎಂಜಲು ಕೈಯಲ್ಲೇ ಎದ್ದು ನಿಂತವರು ನಾವಿಬ್ಬರೇ.