ಎಫಿ ಬಿಡದ ಹುಟ್ಟು

ಉತ್ತರದ ಹಿಮನಾಡಿನ ಪೋರ್ಕುಪೈನ್ ನದಿಯ ದಂಡೆಯ ಆ ಊರಿನಲ್ಲಿ ಎಫಿಯ ಕೈರುಚಿ ಗೊತ್ತಿಲ್ಲದವರಿಲ್ಲ. ಅದೇ ಅವಳಿಗೆ ಮುಳುವಾಯಿತು. ಗಂಡನ ಅಣ್ಣ ಲಾಜರಸ್ ಪ್ರವಾಸಿಗರನ್ನು ರಬ್ಬರ್ ದೋಣಿಗಳಲ್ಲಿ ಕೂರಿಸಿ, ಕರಡಿ, ತೋಳ, ಕಾರಿಬು ಜಿಂಕೆಗಳನ್ನು ತೋರಿಸುತ್ತಾ ಬೆಟ್ಟದ ಹೊಳೆಯಲ್ಲಿ ಇಳಿಸಿ ತರುವ ಕಸುಬು ಶುರುಮಾಡಿದಾಗ, ಅಡುಗೆಗೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಎಫಿ ಇದ್ದಾಳಲ್ಲ! ಮನೆಯಲ್ಲಿ ಮಾಡುವುದನ್ನೇ ಹೊಳೆಯ ದಂಡೆಯಲ್ಲಿ ಮಾಡಿದರಾಯಿತು. ಹಿಟ್ಟು ಕಲಸುವುದು, ರೊಟ್ಟಿ ಸುಡುವುದು, ಕೊರೆಯುವ ನೀರಿನಲ್ಲಿ ಪಾತ್ರೆ ಉಜ್ಜುವುದು. ಒದ್ದೆ ಕಾಲುಚೀಲ ಒಣಗಿಸು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಅವು ತಾವಾಗಿ ಅವಳ ಒಲೆಯ ಪಕ್ಕಕ್ಕೆ ಬಂದು ಬೀಳುತ್ತಿದ್ದವು.

ದೋಣಿ ನಡೆಸುವ ಗಂಡಸರಿಗೆ ಒಂದು ನಿಯಮವಿತ್ತು. ಹಗಲು ಹುಟ್ಟು ಹಾಕಿದವನು ಸಂಜೆ ಪಾತ್ರೆ ಮುಟ್ಟುವಂತಿಲ್ಲ. ಭುಜಕ್ಕೆ ವಿಶ್ರಾಂತಿ ಬೇಕು. ಎಫಿಯ ಭುಜದ ಮಾತು ಯಾರೂ ಎತ್ತಿದ್ದಿಲ್ಲ.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮೀನಿನ ಬಲೆ ಬಿಡಲು ಹೋಗಿ ಬಂದವಳಿಗೆ ಹುಟ್ಟು ಹೊಸದೇನಲ್ಲ. ಮದುವೆಯ ನಂತರ ಆ ಕೈಗೆ ಸೌಟು ಬಂದಿತ್ತು, ಅಷ್ಟೆ. ಈ ಬೇಸಿಗೆಯ ಕೊನೆಗೆ ದೋಣಿಗಾರನೊಬ್ಬ ಮಂಡಿ ಮುರಿದುಕೊಂಡಾಗ ಅವಳು ಎದ್ದು ನಿಂತಳು.

"ಹುಟ್ಟು ನಾನು ಹಾಕ್ತೀನಿ ಭಾವ."

"ಹಾಕಮ್ಮ. ಅಡುಗೆ ಹೇಗೂ ನಿಂದೇ."

ಹೊರಟ ಮೊದಲ ಕೆಲವು ದಿನ ಎರಡನ್ನೂ ಮಾಡಿದಳು. ಬಂಡೆಗಳ ನಡುವೆ ನೀರು ಕುದಿಯುವ ಕಣಿವೆಯನ್ನು ದಾಟಿ ದಡ ಸೇರಿದ ದಿನ ಮಾತ್ರ, ಇನ್ನೊಂದು ದೋಣಿಯ ಅಮೋಸ್‌ನ ಪಕ್ಕದಲ್ಲೇ ಕಲ್ಲುಹರಳಿನ ಮೇಲೆ ಮಲಗಿ, ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಳು.

"ಏನಕ್ಕಾ, ಹುಷಾರಿಲ್ವಾ?" ಎಂದ ಅಮೋಸ್.

"ಚೆನ್ನಾಗಿದೀನಿ. ಭುಜಕ್ಕೆ ವಿಶ್ರಾಂತಿ ಕೊಡ್ತಿದೀನಿ."

ಅಮೋಸ್ ಕಿಸಕ್ಕನೆ ನಕ್ಕ. ಲಾಜರಸ್ ನಗಲಿಲ್ಲ. "ನಾಟಕ ಸಾಕು, ಏಳೇ. ಬಂದೋರು ಹಸ್ಕೊಂಡು ಕೂತವ್ರೆ."

"ನೀವು ಇಡೀ ದಿನ ಕರಡಿಗೆ ಅಂತ ಕೋವಿ ಹಿಡ್ಕೊಂಡು ಮುಂದ್ಗಡೆ ಕೂತಿದ್ರಲ್ಲ ಭಾವ. ನಿಮ್ಮ ಭುಜ ಚೆನ್ನಾಗೇ ಇರ್ಬೇಕು."

"ಹಂಗಾದ್ರೆ ಕೇಳು. ನಾಳೆ ನಿನ್ನ ದೋಣಿ ನಾನೇ ನಡೆಸ್ತೀನಿ. ನೀನು ಪಾತ್ರೆ ಜೊತೆ ಕೂತ್ಕೋ. ಮುಂದಿನ ವರ್ಷಾನೂ ಅಷ್ಟೇ."

ಎಫಿ ಟೋಪಿ ಸರಿಸಲಿಲ್ಲ.

ಲಾಜರಸ್ ಗೊಣಗುತ್ತಾ ವಿಲ್ಲೋ ಪೊದೆಯ ಕಡ್ಡಿ ಮುರಿದ. ಹಸಿಯದು ಯಾವುದು, ಒಣಗಿದ್ದು ಯಾವುದು ಎಂದು ನೋಡಲಿಲ್ಲ. ಎಷ್ಟೋ ಹೊತ್ತು ಊದಿದ ಮೇಲೆ ದಟ್ಟ ಹೊಗೆ ಎದ್ದು ಗಾಳಿಯ ಜೊತೆ ಹೊಳೆಯಾಚೆಗೆ ತೇಲಿತು. ಆಗಲೇ ಎದುರಿನ ಗುಡ್ಡದ ಮೇಲೆ ಕೊಂಬುಗಳು ಕಂಡವು. ಮುಂಚೂಣಿಯ ಕಾರಿಬುಗಳು. ನಾಲ್ಕಾರು ಮುದಿ ಹೆಣ್ಣುಗಳು ನೀರಿನ ಅಂಚಿಗೆ ಬಂದು, ಮೂಗೆತ್ತಿ, ನಿಂತೇ ಬಿಟ್ಟವು. ಹಿಂಡಿನ ಮುಂದಾಳುಗಳು ದಾಟುವ ತನಕ ಬೆಂಕಿಯಿಲ್ಲ, ಗುಂಡಿಲ್ಲ, ಗದ್ದಲವಿಲ್ಲ. ಅವು ಬೆದರಿ ತಿರುಗಿದರೆ ಹಿಂದಿನ ಸಾವಿರಾರು ತಿರುಗುತ್ತವೆ, ಊರಿನ ಚಳಿಗಾಲದ ಮಾಂಸವೂ ತಿರುಗುತ್ತದೆ. ಆ ಊರಿನಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತಿರುವ ಕಟ್ಟಳೆ. ಹಸಿವಿನ ಸಿಟ್ಟಿನಲ್ಲಿ ಲಾಜರಸ್ ಗುಡ್ಡದ ಕಡೆ ಕಣ್ಣೇ ಹಾಯಿಸಿರಲಿಲ್ಲ.

ಎಫಿ ಎದ್ದಳು. ಬಕೆಟ್ಟಿನಲ್ಲಿ ಹೊಳೆಯ ನೀರು ತುಂಬಿ ಅವನ ಬೆಂಕಿಯ ಮೇಲೆ ಸುರಿದಳು. ಬೂದಿ ಅವನ ಗಡ್ಡಕ್ಕೆ ಹಾರಿತು. ಅವನು ಬಾಯಿ ತೆರೆದ. ಅವಳು ಕೈಯಲ್ಲೇ ಗುಡ್ಡದತ್ತ ತೋರಿಸಿದಳು. ಅವನು ತಿರುಗಿ ನೋಡಿ, ಉಳಿದ ಕೆಂಡವನ್ನು ತಾನೇ ಬೂಟಿನಡಿ ಹೊಸಕಿದ.

ಎಲ್ಲರೂ ಅಲುಗದೆ ಕೂತರು. ಪ್ರವಾಸಿಗರು ಒಣಮಾಂಸ ಜಗಿದರು. ಕೊನೆಗೆ ಒಂದು ಮುದಿ ಹೆಣ್ಣು ನೀರಿಗಿಳಿಯಿತು, ಉಳಿದವು ಹಿಂಬಾಲಿಸಿದವು. ಅವು ಈಚೆ ದಡ ಹತ್ತಿ ಮರೆಯಾದ ಮೇಲೆ ಇಡೀ ಗುಡ್ಡವೇ ಜರುಗಿದಂತೆ ಹಿಂಡು ಇಳಿದು ಬಂತು. ಒಬ್ಬ ಪ್ರವಾಸಿ ಹೆಂಗಸು ಕ್ಯಾಮೆರಾ ಮರೆತು ಅತ್ತುಬಿಟ್ಟಳು.

"ಅವು ದಾಟಿದ್ವಲ್ಲ," ಎಂದ ಲಾಜರಸ್, ಈಗ ದನಿ ತಗ್ಗಿಸಿ. "ಇನ್ನಾದ್ರೂ ಒಲೆ ಹಚ್ಚು."

"ನೀವೇ ಹಚ್ಚಿ. ಒಣಗಿದ ಕಡ್ಡಿ ಆರಿಸ್ಕೊಳ್ಳಿ." ಅವಳು ಮತ್ತೆ ಮಲಗಿದಳು. ಅವನ ರೊಟ್ಟಿ ಹೊರಗೆ ಕರಕು, ಒಳಗೆ ಹಸಿ. ಎಲ್ಲರೂ ತಿಂದರು. ಯಾರೂ ಸಾಯಲಿಲ್ಲ.

ಬೆಳಿಗ್ಗೆ ಲಾಜರಸ್ ದೋಣಿಯ ಬಳಿ ಬಂದಾಗ ಪ್ರವಾಸಿಗರು ಹತ್ತಿ ಕೂತಿದ್ದರು, ಎಫಿ ಆಗಲೇ ನಡುಪೀಠದಲ್ಲಿ ಕೂತು ಎರಡೂ ಹುಟ್ಟು ಹಿಡಿದಿದ್ದಳು.

"ನಿನ್ನೆ ಹೇಳಿದ್ದು ನೆನಪಿದೆ ತಾನೇ? ಏಳು."

"ಏಳಲ್ಲ. ಹುಟ್ಟೂ ನಂದೇ, ಸಂಜೆ ವಿಶ್ರಾಂತಿನೂ ನಂದೇ. ಎಬ್ಬಿಸೋದಾದ್ರೆ ಎತ್ತಿ ನೀರಿಗೆ ಹಾಕಿ ಭಾವ, ಎಲ್ಲಾ ನೋಡ್ತಾವ್ರೆ."

ಎಲ್ಲರೂ ನೋಡುತ್ತಲೇ ಇದ್ದರು. ಅಮೋಸ್ ಏನೂ ಕೇಳಿಸದವನಂತೆ ತನ್ನ ದೋಣಿಯನ್ನು ನೀರಿಗೆ ತಳ್ಳಿದ. ಎಫಿ ಹಗ್ಗ ಬಿಚ್ಚಿದಳು. ದೋಣಿ ದಡದಿಂದ ಒಂದು ಮಾರು ಸರಿಯಿತು. ಲಾಜರಸ್ ಮೊಣಕಾಲುದ್ದದ ನೀರಿನಲ್ಲಿ ದಡಬಡನೆ ಓಡಿ ಬಂದು, ದೋಣಿ ಹತ್ತಿ, ಪ್ರವಾಸಿಗರ ನಡುವೆ, ತೊಳೆಯದ ಪಾತ್ರೆಗಳ ಪಕ್ಕದಲ್ಲಿ ಕುಸಿದು ಕೂತ.

"ಕಾಲು ಒಳಗಿಟ್ಕೊಳ್ಳಿ ಭಾವ," ಎಂದಳು ಎಫಿ, ಹುಟ್ಟನ್ನು ನೀರಿಗಿಳಿಸುತ್ತಾ. "ಮುಂದೆ ಬಂಡೆ ಇದೆ."