ಗಿರಿಜಮ್ಮನ ಕೈಯ ಬಗ್ಗೆ ಬರೆದ ಒಂದು ಸಾಲು

ಗಿರಿಜಮ್ಮ, ನಿಮ್ಮ ಕೈ ಶುಚಿಯಾಗಿರಲಿಲ್ಲ ಎಂದು ಬರೆದವನು ನಾನು. ಬರೆಯುವ ಮುಂಚೆ ನಿಮ್ಮ ಕೈಯನ್ನು ನಾನು ನೋಡಿರಲೇ ಇಲ್ಲ.

ಆಗ ನಾನು ಹೋಟೆಲುಗಳ ಶುಚಿತ್ವ ತಪಾಸಣೆ ಮಾಡುವ ಇನ್ಸ್‌ಪೆಕ್ಟರ್. ನೀವು ಬಣಕಲ್‌ನ ಆ ರಸ್ತೆಬದಿ ಹೋಟೆಲಿನಲ್ಲಿ ಅಡುಗೆಯವರು. ತಪಾಸಣೆ ಎಂದರೆ ಏನೆಂದು ನಿಮಗೆ ಗೊತ್ತೇ ಇದೆ — ಗಲ್ಲಾದ ಪಕ್ಕ ಕುರ್ಚಿ, ಬಿಸಿ ಕಡುಬು, ಒಂದು ಲೋಟ ಕಾಫಿ. ಹಳೆಯ ವರದಿಯನ್ನು ಮುಂದಿಟ್ಟುಕೊಂಡು ಹಾಗೆಯೇ ನಕಲು ಮಾಡಿ ತಾರೀಖು ಬದಲಿಸುವುದು. ಹಳೆಯದು ಮಳೆಗಾಲದ ವರದಿ. ಅದರಲ್ಲಿ 'ನೀರು ಶುಚಿ' ಎಂದಿತ್ತು. ನಾನು ನಕಲು ಮಾಡುತ್ತಿದ್ದದ್ದು ಕಾಫಿ ಕುಯ್ಲಿನ ತಿಂಗಳಲ್ಲಿ. ಮೇಲಿನ ಎಸ್ಟೇಟಿನಲ್ಲಿ ಪಲ್ಪರ್ ಯಂತ್ರ ಓಡುತ್ತಿತ್ತು. ಹಣ್ಣು ಸುಲಿದ ಹುಳಿನೀರು ಹಳ್ಳಕ್ಕೆ, ಹಳ್ಳದಿಂದ ಪೈಪಿನಲ್ಲಿ ನಿಮ್ಮ ಟ್ಯಾಂಕಿಗೆ.

ನೀವು ಒಳಗಿನಿಂದ ಬಂದು ಹೇಳಿದಿರಿ:

"ಸಾರ್, ಒಂಚೂರು ಟ್ಯಾಂಕ್ ನೋಡ್ಕಂಡು ಹೋಗಿ. ನೀರು ಪಲ್ಪರ್ ವಾಸ್ನೆ ಹೊಡೀತದೆ."

"ಆಮೇಲೆ ನೋಡ್ತೀನಮ್ಮ" ಎಂದೆ. ಕಡುಬು ಆರುತ್ತಿತ್ತು. ಸಹಿ ಹಾಕಿ ಹೊರಟೆ.

ಅದೇ ವಾರ ಅಲ್ಲಿ ಊಟ ಮಾಡಿದ ಒಂದು ಬಸ್ಸಿನ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಮಾಲೀಕರು ಫೋನ್ ಮಾಡಿದರು: "ನೀರು ಚೆನ್ನಾಗದೆ ಅಂತ ನೀವೇ ಬರ್ದಿದೀರಲ್ಲ ಸಾರ್. ನೀರಲ್ಲ ಅಂದ್ಮೇಲೆ ಮತ್ತೆಂಥದು, ನೀವೇ ಹೇಳಿ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನನ್ನ ಸ್ಥಿತಿ ಅದೇ. ಹೋಟೆಲಿಗೆ ಓಡಿ, ಮೇಲೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದೆ. ಕಂದು ನೀರು, ಮೇಲೆ ಕಾಫಿ ಹಣ್ಣಿನ ಸಿಪ್ಪೆ. ಮುಚ್ಚಿದೆ. ಕೆಳಗಿಳಿದು, ಅದೇ ಕುರ್ಚಿಯಲ್ಲಿ ಕುಳಿತು ಬರೆದೆ: 'ಅಡುಗೆಯವರ ಕೈ ಶುಚಿತ್ವ ತೃಪ್ತಿಕರವಾಗಿಲ್ಲ.'

ನಿಮ್ಮನ್ನು ಕೆಲಸದಿಂದ ತೆಗೆದರು. ಮದುವೆ ಮನೆಗಳ ಅಡುಗೆಗೂ ಯಾರೂ ಕರೆಯಲಿಲ್ಲವೆಂದು ಕೇಳಿದೆ. ಆಗ ದುಃಖವಾಯಿತು ಎಂದು ಬರೆಯಬೇಕು. ಆಗಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು, ರಿಟೈರೂ ಆದೆ.

ಹೋದ ತಿಂಗಳು ವಸ್ತಾರೆಯ ಒಂದು ಗೃಹಪ್ರವೇಶದಲ್ಲಿ ನಿಮ್ಮ ಪಕ್ಕದ ಎಲೆ ನನ್ನದು. ನಿಮ್ಮ ಗುರುತು ನನಗೆ ಸಿಗಲಿಲ್ಲ. ನೀರಿನ ಜಗ್ಗು ನಿಮ್ಮ ಹತ್ತಿರವಿತ್ತು. ಸ್ವಲ್ಪ ಕೊಡಿ ಎಂದೆ. ನೀವು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿರಿ.

"ಬ್ಯಾಡ ಸಾರ್, ಬೇರೆಯವ್ರ ಹತ್ರ ಇಸ್ಕೊಳ್ಳಿ."

ಆ ದನಿ ಕೇಳಿದ ಮೇಲೆ ಗುರುತು ಹತ್ತಿತು. ಸಿಟ್ಟಿನಿಂದ ಹೇಳಲಿಲ್ಲ ನೀವು. ನಿಜವಾಗಿಯೂ — ನಾನು ಬರೆದದ್ದನ್ನು ನೀವೇ ನಂಬಿಬಿಟ್ಟಿದ್ದೀರಿ.

ಟ್ಯಾಂಕಿನಲ್ಲಿ ಕಂಡದ್ದನ್ನೆಲ್ಲ ಈಗ ಬರೆದು ಸಹಿ ಹಾಕಿದ್ದೇನೆ. ನಾಳೆ ಮೊದಲು ಆಫೀಸಿಗೆ ಕೊಡುತ್ತೇನೆ, ಆಮೇಲೆ ಆ ಹೋಟೆಲಿಗೆ. ಕೊನೆಗೆ ನಿಮ್ಮ ಮನೆ ಬಾಗಿಲಿಗೆ ಬಂದು ನಿಮ್ಮೆದುರೇ ಓದುತ್ತೇನೆ. ಓದಿ ಮುಗಿದ ಮೇಲೆ ಒಂದು ಲೋಟ ನೀರು ಕೇಳಬೇಕೆಂದಿದ್ದೆ. ಕೇಳುವುದಿಲ್ಲ; ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.